ಯಾರ ಎಂಜಲು

ನಮ್ಮ ಮನೆಯಲ್ಲಿ ಹೆಂಗಸರಿಗೆಂದು ಬೇರೆ ತಟ್ಟೆ ಇರಲಿಲ್ಲ. ಕೊಳ್ಳುವುದಕ್ಕೆ ಗತಿಯಿರಲಿಲ್ಲ ಎಂದು ಯಾರೂ ಮರುಗಬೇಕಿಲ್ಲ. ನ್ಯಾಮತಿಯ ಪೇಟೆ ಬೀದಿಯಲ್ಲಿದ್ದ ಅಪ್ಪನ ಕಿರಾಣಿ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಅಟ್ಟದ ಮೇಲೆ ಸ್ಟೀಲು ತಟ್ಟೆಗಳು ಒಂದರೊಳಗೊಂದು ಕೂತು ಧೂಳು ತಿನ್ನುತ್ತಿದ್ದವು. ಅವು ನೆಂಟರಿಗೆ. ಗಂಡಸರು ಉಂಡೆದ್ದ ತಟ್ಟೆಯಲ್ಲೇ ಮನೆಯ ಹೆಂಗಸರು ಉಣ್ಣಬೇಕು. ಅಪ್ಪನ ತಟ್ಟೆ ಅವ್ವನಿಗೆ, ಅಣ್ಣನ ತಟ್ಟೆ ನನಗೆ. ಅಜ್ಜಿಗೆ ಮಾತ್ರ ಸ್ವಂತದ್ದೊಂದು ತಟ್ಟೆಯಿತ್ತು. ಅದು ಅವಳ ಪಾಲಿಗೆ ಬರಲು ಅಜ್ಜ ಸಾಯಬೇಕಾಯಿತು.

ಅಣ್ಣ ಬಿಟ್ಟ ಮುದ್ದೆಯ ಚೂರು, ಕಚ್ಚಿಟ್ಟ ಮೆಣಸಿನಕಾಯಿ, ತಳದ ಸಾರು, ಅದರ ಮೇಲೇ ಅವ್ವ ನನಗೆ ಬಡಿಸುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅದರಲ್ಲಿ ಸಂತೋಷವೇ ಇತ್ತು. ಅವನು ಬೇಕೆಂದೇ ಒಂದು ತುಂಡು ಬೆಲ್ಲ ಬಿಟ್ಟು ಏಳುತ್ತಿದ್ದ. ಹೈಸ್ಕೂಲಿಗೆ ಬರುವ ಹೊತ್ತಿಗೆ ಹೇಸಿಗೆಯಾಗತೊಡಗಿತು. ಒಂದು ದಿನ ಯಾರೂ ನೋಡುತ್ತಿಲ್ಲ ಅಂದುಕೊಂಡು ತಟ್ಟೆಯನ್ನು ಬಚ್ಚಲಿಗೆ ಒಯ್ದೆ. ಅವ್ವ ಬಂದು ಕೈ ಹಿಡಿದಳು.

"ಮನೆ ಗಂಡಸ್ರು ಉಂಡಿದ್ದಕ್ಕೆ ಎಂಜಲು ಅಂತಾರೇನೆ? ಪ್ರಸಾದ ಅಂತಾರೆ. ತೊಳೀಬಾರ್ದು."

ತೊಳೆಯಲಿಲ್ಲ. ಆ ಮನೆಯಲ್ಲಿ ಒಂದು ಮಾತನ್ನು ಎರಡನೇ ಸಲ ಹೇಳಿಸಿಕೊಳ್ಳುವ ರೂಢಿ ನನಗಿರಲಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ಮುಂದೆ ಟಿಸಿಎಚ್ ಮಾಡಿ ಮೇಷ್ಟ್ರಾಗುವ ಆಸೆ ನನ್ನದು. ಆಸೆಯನ್ನು ನನ್ನ ತಲೆಗೆ ತುಂಬಿದವರು ನಮ್ಮ ಕ್ಲಾಸ್ ಟೀಚರಮ್ಮ. ಅಪ್ಪನ ಅಂಗಡಿಗೇ ಹೋಗಿ, ಹುಡುಗಿ ಚುರುಕಿದ್ದಾಳೆ, ಓದಿಸಿ ಎಂದು ಹೇಳಿ ಬಂದಿದ್ದರು. ಅಪ್ಪ ಅಂಗಡಿಗೆ ಬಂದವರಿಗೆ ಇಲ್ಲವೆನ್ನುವ ಮನುಷ್ಯನಲ್ಲ. ಮನೆಗೆ ಬಂದು ತನ್ನ ಕರಾರು ಹೇಳಿದ.

"ಮೊದಲನೇ ಸಲಕ್ಕೆ ಪಾಸಾದ್ರೆ ಓದು. ಇಲ್ಲಾಂದ್ರೆ ಜಗಳೂರಿನ ಸಂಬಂಧ ಐತೆ, ಹೂಂ ಅಂದುಬಿಡ್ತೀನಿ. ಆಮೇಲೆ ಅತ್ತು ಕರೆದು ಮಾಡಾಕೆ ಹೋಗಬ್ಯಾಡ."

ನಾನು ಅಳುವ ಪ್ರಶ್ನೆಯೇ ಇರಲಿಲ್ಲ. ಲೆಕ್ಕವೊಂದೇ ನನಗೆ ಕಷ್ಟ. ಅದಕ್ಕಾಗಿ ಸಂಜೆ ಲೆಕ್ಕದ ಮೇಷ್ಟ್ರ ಮನೆಗೆ ಟ್ಯೂಷನ್ನಿಗೆ ಹೋಗುತ್ತಿದ್ದೆ. ನಾಲ್ವರು ಹುಡುಗರು, ಇಬ್ಬರು ಹುಡುಗಿಯರು.

ಆ ವರ್ಷ ಸಂಕ್ರಾಂತಿಗೆ ಅಣ್ಣ ದಾವಣಗೆರೆಯ ಹಾಸ್ಟೆಲಿನಿಂದ ಜ್ವರ ಹೊತ್ತುಕೊಂಡು ಬಂದ. ಗಂಟಲು ಕೆಂಪಗೆ ಹುಣ್ಣಾಗಿತ್ತು, ಕತ್ತಿನ ಎರಡೂ ಕಡೆ ಗಂಟು ಊದಿದ್ದವು. ಹಾಸ್ಟೆಲಿನ ತಣ್ಣೀರು ಅಂದರು, ಅಷ್ಟಕ್ಕೇ ಮುಗಿಯಿತು. ಅವ್ವ ಅರಿಶಿನದ ಹಾಲು ಕುಡಿಸಿದಳು, ಅಜ್ಜಿ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಅಪ್ಪ ಹೊನ್ನಾಳಿಯಿಂದ ಮೋಸಂಬಿ ತರಿಸಿದ. ಅಣ್ಣನಿಗೆ ನುಂಗಲಾಗುತ್ತಿರಲಿಲ್ಲ. ತುತ್ತು ಬಾಯಿಗಿಟ್ಟು, ಮುಖ ಕಿವುಚಿ, ಮತ್ತೆ ತಟ್ಟೆಯ ಅಂಚಿಗೇ ತೆಗೆದಿಡುತ್ತಿದ್ದ. ತುಪ್ಪ ಕಲಸಿದ ಅನ್ನ ಚೆಲ್ಲಬಾರದೆಂದು ಅವ್ವ ಆ ತಟ್ಟೆಯನ್ನು ನನ್ನ ಮುಂದಿಡುತ್ತಿದ್ದಳು. ಮೂರು ವಾರ ಅವನು ಮಲಗಿದ, ಮೂರು ವಾರ ನಾನು ಅದನ್ನು ಉಂಡೆ. ಗುಣವಾಯಿತು, ಅವನು ಹಾಸ್ಟೆಲಿಗೆ ಹೋದ.

ಶಿವರಾತ್ರಿ ಕಳೆದ ಮೇಲೆ ನನಗೆ ಜ್ವರ ಬಂತು. ಪರೀಕ್ಷೆಗೆ ಇನ್ನು ಮೂರು ವಾರವೂ ಇರಲಿಲ್ಲ. ಅದೇ ಗಂಟಲು, ಅದೇ ಕತ್ತಿನ ಗಂಟು. ಮೋಸಂಬಿ ಮಾತ್ರ ಬರಲಿಲ್ಲ. ಪೇಟೆಯಲ್ಲಿ ಔಷಧಿ ಕೊಡುತ್ತಿದ್ದ ಒಬ್ಬರ ಬಳಿ ಅಪ್ಪ ಎರಡು ಬಣ್ಣದ ಕ್ಯಾಪ್ಸೂಲು ಕಟ್ಟಿಸಿಕೊಂಡು ಬಂದ. ನುಂಗಿ ನಾಲ್ಕನೇ ದಿನಕ್ಕೆ ಹಣೆಯಿಂದ ಪಾದದವರೆಗೆ ಮೈಯೆಲ್ಲ ಕೆಂಪು ಗಂಧೆ ಎದ್ದವು.

"ಅಮ್ಮ ಬಂದವ್ಳೆ," ಎಂದಳು ಅಜ್ಜಿ.

ಮಾತ್ರೆ ನಿಂತಿತು. ಬಾಗಿಲಿಗೆ ಬೇವಿನ ಸೊಪ್ಪು ಏರಿತು. ಮನೆಯಲ್ಲಿ ಒಗ್ಗರಣೆ ನಿಂತಿತು. ನನ್ನನ್ನು ನಡುಮನೆಯಲ್ಲಿ ಬೇವಿನ ಎಲೆಯ ಮೇಲೆ ಮಲಗಿಸಿದರು. ಅಲ್ಲಿಯವರೆಗೆ "ಏಯ್" ಎಂದು ಕರೆಯುತ್ತಿದ್ದ ಅಪ್ಪ ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬಂದು, "ಏನಾದ್ರೂ ಬೇಕೇನವ್ವ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. ಅಜ್ಜಿ ನನಗೆ ಕೈ ಮುಗಿದು, "ತಾಯಿ, ಹೆಂಗ್ ಬಂದೆಯೋ ಹಂಗೆ ತಣ್ಣಗೆ ಹೋಗು" ಎಂದಳು. ಎಳನೀರು ಬಂತು, ಬೆಳ್ಳಿ ಲೋಟದಲ್ಲಿ. ಹದಿನಾರು ವರ್ಷದಲ್ಲಿ ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಯೆಂದರೆ ಆ ಐದು ದಿನದ್ದು. ಅದೂ ನನ್ನದಲ್ಲ, ನನ್ನ ಮೈಮೇಲೆ ಬಂದಳೆಂದು ಅವರು ನಂಬಿದ್ದ ದೇವಿಯದು.

ಅಜ್ಜಿಗೇ ಅನುಮಾನ ಬಂತು. ಅಮ್ಮ ಬಂದರೆ ಗುಳ್ಳೆಯಲ್ಲಿ ನೀರು ತುಂಬಬೇಕು, ಇವಳಿಗೆ ತುಂಬಲಿಲ್ಲ. ಜ್ವರವೂ ಇಳಿಯಲಿಲ್ಲ. "ಇದು ಅವಳಲ್ಲ. ಶಿವಮೊಗ್ಗಕ್ಕೆ ತೋರಿಸು," ಎಂದಳು ಮಗನಿಗೆ. ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದವಳು ಆ ಮನೆಯಲ್ಲಿ ಅವಳೊಬ್ಬಳೇ.

ಶಿವಮೊಗ್ಗದ ಡಾಕ್ಟರು ನನ್ನ ಕತ್ತು, ಕಂಕುಳು ಒತ್ತಿ ನೋಡಿದರು. ಎಡಪಕ್ಕೆಯ ಕೆಳಗೆ ಬೆರಳಿಟ್ಟು, ಗುಲ್ಮ, ಅಂದರೆ ಸ್ಪ್ಲೀನು, ದೊಡ್ಡದಾಗಿದೆ ಎಂದರು. ತೋಳಿನಿಂದ ರಕ್ತ ತೆಗೆದು ಪಕ್ಕದ ಕೋಣೆಗೆ ಕಳಿಸಿ, ನಮ್ಮನ್ನು ಬೆಂಚಿನ ಮೇಲೆ ಕಾಯಿಸಿ, ಮತ್ತೆ ಒಳಗೆ ಕರೆದರು.

"ಇದು ಗ್ರಂಥಿ ಜ್ವರ. ವೈರಸ್‌ನಿಂದ ಬರುತ್ತೆ. ರಕ್ತದ ಬಿಳಿ ಕಣಕ್ಕೆ ಸೇರಿಕೊಳ್ಳುತ್ತೆ, ಅದಕ್ಕೇ ಗಂಟು ಊದಿರೋದು. ಮೈಮೇಲಿನ ಗಂಧೆ ಆ ಕ್ಯಾಪ್ಸೂಲಿಂದು, ಅದು ಈ ಜ್ವರಕ್ಕೆ ಕೊಡಬಾರದಾಗಿತ್ತು. ಔಷಧಿ ಏನೂ ಬೇಕಿಲ್ಲ. ರೆಸ್ಟ್ ಮಾಡಲಿ, ಕೊಡ ಹೊರೋದು, ಬೀಸೋದು ಬೇಡ."

"ನನಗೆ ಪರೀಕ್ಷೆ ಐತೆ ಸಾರ್," ಎಂದೆ.

"ಜ್ವರ ಬಿಟ್ಟರೆ ಧಾರಾಳವಾಗಿ ಬರಿ. ಕೂತು ಬರೆಯೋದಕ್ಕೇನು?"

ಅಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ಬದುಕು ಬೇರೆಯಾಗುತ್ತಿತ್ತು. ಅಪ್ಪ ಕೇಳಿದ, ಇದು ಹೆಂಗೆ ಬರ್ತದೆ ಸ್ವಾಮಿ ಎಂದು.

"ಎಂಜಲಿಂದ," ಎಂದರು ಡಾಕ್ಟರು. ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. "ವಯಸ್ಸಿನ ಹುಡುಗರಿಗೇ ಜಾಸ್ತಿ ಬರೋದು. ಫಾರಿನ್ನಲ್ಲಿ ಇದಕ್ಕೆ ಮುತ್ತು ಕೊಡೋದರಿಂದ ಬರೋ ಜ್ವರ ಅಂತಲೇ ಹೆಸರು. ಮನೇಲಿ ಯಾರಿಗಾದರೂ ಹಿಂಗೆ ಆಗಿತ್ತಾ?"

"ಯಾರಿಗೂ ಇಲ್ಲ," ಎಂದ ಅಪ್ಪ.

ಅವನು ಸುಳ್ಳು ಹೇಳಲಿಲ್ಲ, ಅದೇ ನನಗೆ ಇವತ್ತಿಗೂ ಮೈ ಉರಿಸುವುದು. ಅಣ್ಣನದು ತಣ್ಣೀರಿನ ಗಂಟಲುನೋವು ಎಂದು ಅವನು ಮನಸಾರೆ ನಂಬಿದ್ದ. ನಾನು ಬಾಯಿ ತೆರೆದೆ. ಅಪ್ಪ ನನ್ನ ತೋಳು ಹಿಡಿದು ಎಬ್ಬಿಸಿದ. ಡಾಕ್ಟರ ಮೇಲೂ ನನಗೆ ಸಿಟ್ಟಿದೆ. ಎದುರಿಗೆ ಕೂತ ಅಪ್ಪನ ಮುಖ ನೋಡಿದ್ದರೆ ಆ ನಗು ಅವರಿಗೆ ಬರುತ್ತಿರಲಿಲ್ಲ.

ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂರಲಿಲ್ಲ. ಮನೆಗೆ ಬಂದು, ಪಡಸಾಲೆಯಲ್ಲಿ ಎಲ್ಲರೂ ಇದ್ದ ಹಾಗೇ ಕೇಳಿದ. ಅಣ್ಣ ಓದುವ ರಜೆಗೆಂದು ಆ ಬೆಳಿಗ್ಗೆಯಷ್ಟೇ ಬಂದಿದ್ದ. ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕೂತಿದ್ದ.

"ಯಾರ ಎಂಜಲು ತಿಂದೆ?"

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಟ್ಯೂಷನ್ನಿಗೆ ಹೋಗ್ತಿದ್ದೆಯಲ್ಲ, ಅಲ್ಲಿ ಯಾವನು? ಬಾಯಿ ಬಿಡು."

"ಯಾರೂ ಇಲ್ಲಪ್ಪ. ಅಣ್ಣನ ತಟ್ಟೇಲಿ ಉಂಡೆ. ಸಂಕ್ರಾಂತಿಯಾಗೆ ಅಣ್ಣಗೂ ಹಿಂಗೇ ಆಗಿತ್ತಲ್ಲ."

ಕೆನ್ನೆಯ ಮೇಲೆ ಬಿತ್ತು. ಊದಿದ ಗಂಟಿನ ಮೇಲೇ ಬಿತ್ತು. "ಮಾಡೋದು ಮಾಡಿ ಒಡಹುಟ್ಟಿದವನ ಮೇಲೆ ಹಾಕ್ತೀಯಾ?"

ನಾನು ಅವ್ವನನ್ನು ನೋಡಿದೆ. ಮೂರು ವಾರ ದಿನಕ್ಕೆರಡು ಹೊತ್ತು ಆ ತಟ್ಟೆಯನ್ನು ನನ್ನ ಮುಂದಿಟ್ಟವಳು ಅವಳು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. ಅವ್ವ, ಹೇಳವ್ವ ಎಂದೆ. "ಅಪ್ಪಾಜಿ ಕೇಳಿದ್ದಕ್ಕೆ ಸರಿಯಾಗಿ ಹೇಳು," ಎಂದಳು ನನಗೆ. ಗಂಡಸರು ಉಂಡಿದ್ದು ಎಂಜಲಾಗಬಾರದಲ್ಲ. ಎಂಜಲೆಂದು ಒಪ್ಪಿದರೆ ಅವಳ ಅಡುಗೆಮನೆಯೇ ಸುಳ್ಳಾಗುತ್ತಿತ್ತು. ಹೆತ್ತ ಮಗಳನ್ನು ಸುಳ್ಳು ಮಾಡುವುದು ಅವಳಿಗೆ ಅದಕ್ಕಿಂತ ಸುಲಭವಾಯಿತು. ಅಣ್ಣ ಪುಟ ತಿರುಗಿಸಿದ.

ಅವತ್ತಿನಿಂದ ನನ್ನ ಶಾಲೆ ಮುಗಿಯಿತು. ಹಾಲ್ ಟಿಕೆಟ್ ಕೊಡಲು ಟೀಚರಮ್ಮ ಮನೆಗೇ ಬಂದರು. ಅಪ್ಪ ಅವರನ್ನು ಜಗುಲಿಯಲ್ಲೇ ನಿಲ್ಲಿಸಿದ.

"ಅಮ್ಮ ಬಂದೈತೆ ಮೇಡಂ. ಒಳಗೆ ಬರಬಾರ್ದು. ಈ ಸಲ ಪರೀಕ್ಷೆ ಆಗಾಕಿಲ್ಲ."

ಬಾಗಿಲಿಗೆ ಒಣಗಿದ ಬೇವು ಇನ್ನೂ ಹಾಗೇ ಇತ್ತು. ಟೀಚರಮ್ಮ ಹಾಲ್ ಟಿಕೆಟನ್ನು ಅಪ್ಪನ ಕೈಗೆ ಕೊಟ್ಟು, ಬಾಗಿಲಿಗೆ ಕೈ ಮುಗಿದು ಹೋದರು. ಕೂಗಿ ಹೇಳಬೇಕಿತ್ತು ನಾನು. ಕೂಗಲಿಲ್ಲ. ಊರಿಗೆಲ್ಲ ಅಮ್ಮ, ಮನೆಯೊಳಗೆ ಎಂಜಲು. ಕೂಗಿದ್ದರೆ ಎಂಜಲೂ ಊರಿಗೆ ಗೊತ್ತಾಗುತ್ತಿತ್ತು. ನನ್ನ ಮೇಲೆ ನನಗೇ ಇರುವ ಸಿಟ್ಟು ಅದೊಂದೇ, ಅದು ಇನ್ನೂ ಆರಿಲ್ಲ.

ಪರೀಕ್ಷೆಯ ಮೊದಲ ದಿನ ನನಗೆ ಜ್ವರವಿರಲಿಲ್ಲ. ಬಿಟ್ಟು ಒಂದು ವಾರವಾಗಿತ್ತು. ಮೈಮೇಲಿನ ಗಂಧೆಯೂ ಮಾಸಿ ಹೋಗಿತ್ತು. ನಸುಕಿನಲ್ಲೇ ಎದ್ದು ತಲೆ ಬಾಚಿ, ಪೆನ್ನಿಗೆ ಇಂಕು ತುಂಬಿ ಕೂತೆ. ಅಪ್ಪ ಸ್ನಾನ, ಪೂಜೆ ಮುಗಿಸಿ ಬಂದಾಗ ಅವನ ಕಾಲ ಬಳಿ ಕೂತು, "ಹಣೆ ಮುಟ್ಟಿ ನೋಡಪ್ಪ, ಬಿಸಿ ಇಲ್ಲ. ಬರೆದು ನೇರ ಮನೆಗೆ ಬರ್ತೀನಿ. ನೀನೇ ಕರ್ಕೊಂಡು ಹೋಗು, ನೀನೇ ಕರ್ಕೊಂಡು ಬಾ," ಎಂದೆ. ಅವನು ಮುಟ್ಟಲಿಲ್ಲ. ವಿಭೂತಿಯ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನನ್ನನ್ನು ಸುತ್ತಿ ದಾಟಿಕೊಂಡು ಹೋದ. ಹೊರಗಿನಿಂದ ಚಿಲಕ ಬಿತ್ತು. ನನ್ನ ಕ್ಲಾಸಿನ ಹುಡುಗಿಯರು ನಮ್ಮ ಬೀದಿಯಲ್ಲೇ ಮಾತಾಡಿಕೊಂಡು ಹೋದರು. ಅವರಲ್ಲಿ ಒಬ್ಬಳು ನಮ್ಮ ಮನೆಯ ಮುಂದೆ ಬಂದಾಗ, "ಸುಮ್ನಿರ್ರೇ, ಒಳಗೆ ಅಮ್ಮ ಅವ್ಳೆ," ಎಂದಳು. ಎಲ್ಲರೂ ಸುಮ್ಮನಾಗಿ ದಾಟಿದರು.

ಮೇ ತಿಂಗಳಲ್ಲಿ ಜಗಳೂರಿನ ಸಂಬಂಧಕ್ಕೆ ಅಪ್ಪ ಹೂಂ ಅಂದ. ನನ್ನ ಗಂಡ ಕೆಟ್ಟವರೇನಲ್ಲ. ಅವರ ಬಗ್ಗೆ ಇಲ್ಲಿ ಬರೆಯುವುದಕ್ಕೂ ಏನಿಲ್ಲ. ಮಳೆ ಕಾಣದ ಆ ಊರಿನಲ್ಲಿ ಶೇಂಗಾ ಸುಲಿಯುತ್ತಾ, ಸೀಮೆಸುಣ್ಣ ಹಿಡಿಯಬೇಕಿದ್ದ ಬೆರಳುಗಳ ಉಗುರು ಸವೆಸಿಕೊಂಡೆ. ತವರಿಗೆ ಹೋದಾಗಲೆಲ್ಲ ಅಪ್ಪ ನನ್ನ ಜೊತೆ ಮಳೆ ಬೆಳೆಯ ಮಾತಾಡುತ್ತಿದ್ದ. ಆ ಪ್ರಶ್ನೆಯನ್ನು ಅವನು ವಾಪಸು ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳದೆಯೇ ತೀರಿಕೊಂಡ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಣ್ಣ ಆಗ ಚನ್ನಗಿರಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದ. ಯಾವುದೋ ಕೆಲಸದ ಮೇಲೆ ಜಗಳೂರಿಗೆ ಬಂದವನು ಊಟಕ್ಕೆ ನಮ್ಮ ಮನೆಗೆ ಬಂದ. ನನ್ನ ಮಗಳಿಗೆ ಎರಡು ದಿನದಿಂದ ಜ್ವರ. ಅವಳನ್ನು ಹತ್ತಿರ ಕರೆದು, ಗದ್ದದ ಕೆಳಗೆ ಬೆರಳಿಟ್ಟು ಒತ್ತಿ ನೋಡಿ, ದೊಡ್ಡ ತಿಳಿದವನ ಹಾಗೆ ಹೇಳಿದ:

"ಗ್ರಂಥಿ ಜ್ವರ ಇರ್ಬೇಕು. ನಮ್ಮ ಹಾಸ್ಟೆಲ್‌ನಾಗೆ ಒಂದು ವರ್ಷ ಎಲ್ಲರಿಗೂ ಬಂದಿತ್ತು. ಒಂದೇ ಲೋಟ, ಒಂದೇ ಬೀಡಿ, ಬರದೇ ಏನಾಗ್ತದೆ? ಅಲ್ಲಿನ ಡಾಕ್ಟರು ಊರಿಗೆ ಹೋಗು, ಯಾರಿಗೂ ನಿನ್ನ ಎಂಜಲು ಕೊಡಬ್ಯಾಡ ಅಂತ ಹೇಳಿ ಕಳಿಸಿದ್ರು."

ಬಡಿಸುತ್ತಿದ್ದ ಸೌಟು ನನ್ನ ಕೈಯಲ್ಲೇ ನಿಂತಿತು.

"ಯಾವ ವರ್ಷ?"

"ಅದೇ, ಸಂಕ್ರಾಂತಿಗೆ ಬಂದು ಮಲಗಿದ್ನಲ್ಲ, ಆ ವರ್ಷ."

ಅವನಿಗೆ ರೋಗದ ಹೆಸರು ಗೊತ್ತಿತ್ತು. ಅದು ಎಂಜಲಿನಿಂದ ಬರುತ್ತದೆಂದು ಗೊತ್ತಿತ್ತು. ತನ್ನ ತಟ್ಟೆ ಯಾರ ಮುಂದೆ ಹೋಗುತ್ತದೆಂದೂ ಗೊತ್ತಿತ್ತು. ಇದೆಲ್ಲ ಗೊತ್ತಿದ್ದುಕೊಂಡೇ ಕಿಟಕಿಯ ಹತ್ತಿರ ಕೂತು ಪುಟ ತಿರುಗಿಸಿದ್ದ.

"ಅಪ್ಪ ನನ್ನ ಹೊಡೆದಾಗ ನೀನು ಅಲ್ಲೇ ಇದ್ದೆ. ಯಾಕೆ ಹೇಳಲಿಲ್ಲ?"

ಅವನು ತಪ್ಪಿಸಿಕೊಳ್ಳಲು ನೋಡಿದನೆಂದು ನಾನು ಹೇಳಲಾರೆ. ನಿಜವಾಗಿಯೂ ನೆನಪು ಮಾಡಿಕೊಂಡ.

"ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ," ಎಂದ, ಅನ್ನ ಕಲಸುತ್ತಾ.