ಯಾರು ಮುಷ್ಟಿ ಎತ್ತಿದರೂ

ಕಾರ್ಖಾನೆಯ ಅಂಗಳದ ಗೋಡೆಯ ಮೇಲೆ ಎರಡು ನಿಯಮ ಬರೆದಿತ್ತು. ಮೇಸ್ತ್ರಿಯ ಕೈಸನ್ನೆಗೆ ಮಾತ್ರ ಕ್ರೇನ್ ಅಲುಗಬೇಕು. ಆದರೆ ಯಾರು ಮುಷ್ಟಿ ಎತ್ತಿದರೂ ಅದು ಆ ಕ್ಷಣವೇ ನಿಲ್ಲಬೇಕು. ಮೊದಲನೆಯದನ್ನು ಮೇಸ್ತ್ರಿ ಉಸಿರಿನ ಹಾಗೆ ನಡೆಸಿಕೊಂಡು ಬಂದಿದ್ದ. ಎರಡನೆಯದು ಅದರ ಪಾಡಿಗೆ ಅದು ಗೋಡೆಯ ಮೇಲಿತ್ತು.

ಅಲ್ಲಿ ಕಾಂಕ್ರೀಟ್ ಚಪ್ಪಡಿಗಳನ್ನು ಎರಕ ಹೊಯ್ದು, ಒಣಗಿಸಿ, ಲಾರಿಗೆ ಏರಿಸಿ ಕಳಿಸುತ್ತಿದ್ದರು. ಮಿಕ್ಸರಿನ ಗಡಗಡ ಸದ್ದಿನಲ್ಲಿ ಪಕ್ಕದವನು ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ. ಹಾಗಾಗಿ ಮಾತೆಲ್ಲ ಕೈಯಲ್ಲೇ. ಹೆಬ್ಬೆರಳು ಮೇಲಾದರೆ ಎತ್ತು, ಅಂಗೈ ಕೆಳಗಾದರೆ ಇಳಿಸು, ಮುಷ್ಟಿ ಮೇಲೆದ್ದರೆ ನಿಲ್ಲು. ಮೇಲೆ ಗೂಡಿನಲ್ಲಿ ಕೂತು ದಿನವಿಡೀ ಕತ್ತು ಹೊರಳಿಸುವ ಕ್ರೇನ್ ಡ್ರೈವರನನ್ನು ಎಲ್ಲರೂ ಗೂಬೆ ಅಂತಲೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಮೇಸ್ತ್ರಿ ಮೂಗು ತುರಿಸಿಕೊಂಡರೂ ಗೂಬೆ ಚಪ್ಪಡಿ ಎತ್ತುತ್ತಾನೆ ಅಂತ ಆಳುಗಳು ನಗುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ನಗಲು ಯಾರಿಗಿತ್ತು ಎಂಟೆದೆ?

ಮೇಸ್ತ್ರಿ ಕೆಟ್ಟ ಮನುಷ್ಯನೇನಲ್ಲ ಬಿಡಿ. ಜ್ವರ ಬಂದವನನ್ನು ತಾನೇ ಮನೆಗೆ ಬಿಟ್ಟು ಬರುವವನು. ಆದರೆ ಕೋಪ ಮೂಗಿನ ತುದಿಯಲ್ಲಿ. ತನ್ನ ಹೆಂಡತಿಯ ತಮ್ಮನನ್ನು ಅದೇ ಅಂಗಳಕ್ಕೆ ತಾನೇ ಸೇರಿಸಿದ್ದ. ಸಂಬಂಧ ಅಂತ ಸಲಿಗೆ ಕೊಟ್ಟರೆ ಉಳಿದವರು ಆಡಿಕೊಂಡಾರು ಅಂತ ಬಾಮೈದನ ಮೇಲೆ ಒಂದು ಕೈ ಹೆಚ್ಚೇ ರೇಗುತ್ತಿದ್ದ.

ಒಂದು ಮಧ್ಯಾಹ್ನ ಬಾಮೈದ ಮುಷ್ಟಿ ಎತ್ತಿದ. ಗಾಳಿಯಲ್ಲಿದ್ದ ಚಪ್ಪಡಿ ಅಲ್ಲೇ ನಿಂತಿತು. ಹಿಂದೆ ಸಾಲುಗಟ್ಟಿದ ಲಾರಿಗಳು ಹಾರನ್ ಬಾರಿಸತೊಡಗಿದವು. ಚಪ್ಪಡಿಯನ್ನು ಕ್ರೇನಿಗೆ ಕಟ್ಟಿದ ಬೆಲ್ಟು ಜಾರಿದ ಹಾಗೆ ಅವನಿಗೆ ಕಂಡಿತಂತೆ. ಮೇಸ್ತ್ರಿ ಚಪ್ಪಡಿ ಇಳಿಸಿ, ಸುತ್ತ ಬಂದು, ಬಗ್ಗಿ ನೋಡಿದ. ಬೆಲ್ಟು ಕಟ್ಟಿದಲ್ಲೇ ಇತ್ತು. ಅಷ್ಟರಲ್ಲಿ ಊಟದ ಹೊತ್ತಾಗಿ ಮಿಕ್ಸರ್ ನಿಂತಿತು. ಆ ನಿಶ್ಶಬ್ದದಲ್ಲಿ ಮೇಸ್ತ್ರಿ ಬಾಯಿ ಬಿಟ್ಟ.

"ನೀನೇನು ನನಗೆ ಮೇಸ್ತ್ರಿನಾ? ನೆರಳು ಕಂಡ್ರೂ ಕೈ ಎತ್ತೋನು! ಇನ್ನೊಂದ್ಸಲ ಎತ್ತಿದ್ರೆ ಆ ಕೈನೇ ಮುರಿದು ಹಾಕ್ತೀನಿ."

ಒಂದು ಅಕ್ಷರವೂ ಯಾರ ಕಿವಿಗೂ ತಪ್ಪಲಿಲ್ಲ. ಬಾಮೈದ ತಲೆ ತಗ್ಗಿಸಿ ಬುತ್ತಿ ತೆಗೆದುಕೊಂಡು ಹೋದ. ಸಂಜೆ ಮನೆಗೆ ಬರುವಷ್ಟರಲ್ಲಿ ಮೇಸ್ತ್ರಿ ಅದನ್ನು ಮರೆತೂ ಬಿಟ್ಟಿದ್ದ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಬೆಲ್ಟು ನಿಜವಾಗಿಯೂ ಹರಿಯಿತು. ಚಪ್ಪಡಿ ವಾಲಿ, ಲಾರಿಯ ಪಕ್ಕದಲ್ಲಿ ನಿಂತಿದ್ದ ಬಾಮೈದನ ಬಲಗೈಯನ್ನು ಲಾರಿಗೆ ಸೇರಿಸಿ ಅರೆದು ಹಾಕಿತು. ಆಸ್ಪತ್ರೆಯಲ್ಲಿ ಮೊಣಕೈಯಿಂದ ಕೆಳಗೆ ತೆಗೆದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಗೂಬೆ ಬಂದು ಮೇಸ್ತ್ರಿಯ ಪಕ್ಕದಲ್ಲಿ ಕೂತ.

"ನಿನಗೆ ಹೇಳ್ದೆ ಇದ್ರೆ ನಂಗೆ ನಿದ್ದೆ ಬರಲ್ಲ ಮೇಸ್ತ್ರಿ. ಮೇಲಿಂದ ಎಲ್ಲಾ ಕಾಣ್ತಿತ್ತು. ಬೆಲ್ಟು ಹರೀತಿರೋದನ್ನ ಅವನು ಮೊದಲೇ ನೋಡ್ದ. ಕೈ ಅರ್ಧ ಎತ್ತಿದ. ಆಮೇಲೆ ನಿನ್ನ ಮುಖ ನೋಡ್ದ. ಇಳಿಸ್ಬಿಟ್ಟ."

ಮೇಸ್ತ್ರಿ ಅಳಲಿಲ್ಲ. ಎದ್ದು ನಲ್ಲಿಯಲ್ಲಿ ಕೈ ತೊಳೆದು ಬಂದ. ಯಾಕೆ ತೊಳೆದನೋ ಅವನಿಗೇ ಗೊತ್ತಿಲ್ಲ.

ಅವತ್ತಿನಿಂದ ಅವನೊಳಗೆ ಏನೂ ಇಲ್ಲ. ನೋವಾದರೂ ಇದ್ದಿದ್ದರೆ ಒಂದು ದಾರಿಯಿತ್ತು. ಉಪ್ಪಿಲ್ಲದ ಸಾರನ್ನು ಇಡೀ ತಟ್ಟೆ ಉಂಡು ಎದ್ದ. ಹೆಂಡತಿ ಆಮೇಲೆ ತಾನು ಉಣ್ಣುವಾಗ ನೋಡಿ, "ಹೇಳಬಾರದಿತ್ತಾ ರೀ?" ಎಂದಳು. "ಗೊತ್ತಾಗಲಿಲ್ಲ" ಎಂದ. ಅವಳು ಗಂಡನನ್ನು ಬೈಯಲಿಲ್ಲ, ದೂರಲಿಲ್ಲ. ತಮ್ಮನ ಅಂಗಿಗಳ ಬಲತೋಳುಗಳನ್ನು ಮಡಿಸಿ ಹೊಲಿಯುತ್ತ ಕೂತಳು. ಬಾಮೈದ ಅವರ ಮನೆಯ ಹಿಂದಿನ ಕೋಣೆಯಲ್ಲೇ ಇದ್ದ. "ಭಾವ, ಆ ಟವೆಲ್ ಕೊಡಿ" ಎನ್ನುತ್ತಿದ್ದ, ಏನೂ ಆಗದವನ ಹಾಗೆ. ಭಾವ ಕೊಡುತ್ತಿದ್ದ. ಅದಕ್ಕಿಂತ ಹೆಚ್ಚಿನ ಮಾತು ಇಬ್ಬರ ಬಾಯಲ್ಲೂ ಹೊರಡುತ್ತಿರಲಿಲ್ಲ.

ಆಫೀಸಿನವರು ಸುಮ್ಮನಿರುತ್ತಾರೆಯೇ? ಮೇಸ್ತ್ರಿಗಳನ್ನೆಲ್ಲ ಫ್ಯಾನಿನ ಕೆಳಗೆ ಕೂರಿಸಿ, ಮುಖಂಡನಾದವನು ತನ್ನ ತಂಡದ ಜೊತೆ ಹೇಗೆ ಮಾತಾಡಬೇಕು ಅಂತ ಒಬ್ಬನಿಂದ ಪಾಠ ಹೇಳಿಸಿದರು. ಇಸ್ತ್ರಿ ಅಂಗಿಯ ಆಸಾಮಿ, ಜನ್ಮದಲ್ಲಿ ಚಪ್ಪಡಿ ಮುಟ್ಟಿದವನಲ್ಲ. ಆದರೂ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಿಮ್ಮವರನ್ನು ಕೇಳಿ, ಅವರು ಹೇಳಿದ್ದಕ್ಕೆ ಕಿವಿಗೊಡಿ ಎಂದ. ಮೇಸ್ತ್ರಿ ಅದನ್ನೇ ಮಾಡಿದ. ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಕೇಳಿದ, "ಏನಾದ್ರೂ ಹೇಳೋದಿದ್ಯಾ? ಹೆದರಬೇಡಿ, ಏನಾದ್ರೂ ಕಂಡ್ರೆ ಕೈ ಎತ್ತಿ."

"ಏನಿಲ್ಲ ಮೇಸ್ತ್ರಿ." ಎಲ್ಲರದ್ದೂ ಅದೇ ಉತ್ತರ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು.

ಹೀಗೇ ಬಿಟ್ಟರೆ ಇನ್ನೊಬ್ಬನ ಕೈಯೋ ಕಾಲೋ ಹೋಗುತ್ತದೆ. ಅದೊಂದು ಮಾತ್ರ ಮೇಸ್ತ್ರಿಗೆ ಸ್ಪಷ್ಟವಾಗಿತ್ತು. ಒಂದು ದಿನ ಖಾಲಿ ಜಾಗದಲ್ಲಿ ಸಣ್ಣ ಚಪ್ಪಡಿಯೊಂದಕ್ಕೆ ಬೆಲ್ಟನ್ನು ಬೇಕೆಂದೇ ಒಂದು ಪಕ್ಕಕ್ಕೆ ಎಳೆದು ಕಟ್ಟಿದ. ಕಣ್ಣಿದ್ದವರಿಗೆಲ್ಲ ಕಾಣುವ ತಪ್ಪು. ಗೇಣುದ್ದಕ್ಕಿಂತ ಮೇಲೆ ಎತ್ತಬೇಡ ಅಂತ ಗೂಬೆಗೆ ಮೊದಲೇ ಹೇಳಿದ್ದ. ಹೆಬ್ಬೆರಳು ಮೇಲೆ ಮಾಡಿದ. ಚಪ್ಪಡಿ ವಾಲುತ್ತ ಎದ್ದಿತು. ಒಬ್ಬನೂ ಕೈ ಎತ್ತಲಿಲ್ಲ. ಎಲ್ಲರೂ ಹಿಂದಕ್ಕೆ ಸರಿದು ನಿಂತರು, ಅಷ್ಟೇ.

ಮೇಸ್ತ್ರಿ ತಾನೇ ಮುಷ್ಟಿ ಎತ್ತಿ ನಿಲ್ಲಿಸಿದ. ಊಟದ ಹೊತ್ತಿನಲ್ಲಿ ಅಂಗಳದ ಆಳುಗಳಲ್ಲೇ ಹಿರಿಯನಾದ ವೆಲ್ಡರನ ಪಕ್ಕ ಹೋಗಿ ಕೂತ.

"ನಿಮಗೂ ಕಾಣಲಿಲ್ವಾ?"

"ಕಾಣ್ದೆ ಏನು? ಕಾಣ್ತು, ಅದಕ್ಕೇ ಸರಿದು ನಿಂತೆ." ವೆಲ್ಡರ್ ಡಬ್ಬಿಯ ಮುಚ್ಚಳ ಹಾಕಿದ. "ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ಅವತ್ತು ಆ ಹುಡುಗನ ಮಾನ ಕಳೆದಿದ್ದು ಎಲ್ಲರ ಮುಂದೆ. ಈಗ ಬಂದು ಮೂಲೆಮೂಲೆಗೆ ಕರೆದು ಪಿಸುಗುಟ್ತೀರ. ಯಾವುದನ್ನ ನಂಬೋಣ?"

ಮೇಸ್ತ್ರಿ ಹೂಂ ಎಂದು ಎದ್ದ. ಮಾತು ನಾಟಿತೋ ಇಲ್ಲವೋ ಅಂತ ವೆಲ್ಡರನಿಗೆ ತಿಳಿಯಲಿಲ್ಲ.

ಮುಂದಿನ ವಾರ ಬಾಮೈದ ಕೆಲಸಕ್ಕೆ ಮರಳಿದ. ಗೇಟಿನ ಪಕ್ಕದ ಸ್ಟೋರಿನಲ್ಲಿ ಕೂತು ಕೈಗವಸು, ಬೆಲ್ಟು ಕೊಡುವ ಕೆಲಸ. ಅಂಗಳ ಭರದಲ್ಲಿದ್ದಾಗ ಮೇಸ್ತ್ರಿ ನೇರ ಮಿಕ್ಸರಿನ ಬಳಿ ಹೋಗಿ, ನಿಲ್ಲಿಸು ಎಂದು ಸನ್ನೆ ಮಾಡಿದ. ಮಿಕ್ಸರಿನವನು ಹೌಹಾರಿದ. ಕಿವಿಯ ಹತ್ತಿರ ಬಾಯಿ ತಂದು, "ಒಳಗೆ ಮಾಲಿದೆ, ಗಟ್ಟಿಯಾಗಿ ಹೋಗುತ್ತೆ!" ಎಂದು ಕೂಗಿದ.

"ಆಗಲಿ."

ಸದ್ದು ನಿಂತಿತು. ಎಲ್ಲರೂ ತಿರುಗಿ ನೋಡಿದರು. ಮೇಸ್ತ್ರಿ ಬಾಮೈದನನ್ನು ಸ್ಟೋರಿನ ಬಾಗಿಲಿಗೆ ಕರೆದ.

"ಅವತ್ತು ಇವನು ಕೈ ಎತ್ತಿದ್ದು ಸರಿ. ಬೆಲ್ಟು ಜಾರಿರಲಿಲ್ಲ, ಆದ್ರೂ ಸರಿ. ನಾನು ಬೈದಿದ್ದು ತಪ್ಪು. ಅದಕ್ಕೇ ಎರಡನೇ ಸಲ ಇವನು ಎತ್ತಲಿಲ್ಲ. ಇವನ ಕೈ ಹೋಗಿದ್ದು ನನ್ನ ಬಾಯಿಂದ. ಎಲ್ಲರೂ ಕೇಳಿಸ್ಕೊಂಡ್ರಾ?"

ಬಾಮೈದ ನೆಲ ನೋಡುತ್ತಿದ್ದ. ಹೇಳಿದ ಮೇಲೆ ಎದೆ ಹಗುರಾಗುತ್ತದೆ ಅಂತಾರಲ್ಲ, ಮೇಸ್ತ್ರಿಗೆ ಅಂಥದ್ದೇನೂ ಆಗಲಿಲ್ಲ. ಮಿಕ್ಸರ್ ಮತ್ತೆ ಶುರುವಾಯಿತು. ದೊಡ್ಡ ಚಪ್ಪಡಿಯೊಂದಕ್ಕೆ ಬೆಲ್ಟು ಹಾಕಿ, ನೋಡಿ, ಹೆಬ್ಬೆರಳು ಮೇಲೆ ಮಾಡಿದ.

ಚಪ್ಪಡಿ ಲಾರಿಯ ಎತ್ತರಕ್ಕೆ ಏರಿತ್ತು, ತಟ್ಟನೆ ನಿಂತಿತು. ಗೂಬೆ ಗೇಟಿನ ಕಡೆ ಕತ್ತು ಹೊರಳಿಸಿದ್ದ. ಮೇಸ್ತ್ರಿ ತಿರುಗಿದ. ಸ್ಟೋರಿನ ಬಾಗಿಲಲ್ಲಿ ಬಾಮೈದ ನಿಂತಿದ್ದ, ಎಡಗೈ ಮುಷ್ಟಿ ಕಟ್ಟಿ ಮೇಲೆತ್ತಿಕೊಂಡು. ಅವನ ಕಣ್ಣು ಚಪ್ಪಡಿಯ ಮೇಲಿರಲಿಲ್ಲ. ಭಾವನ ಮುಖದ ಮೇಲಿತ್ತು.

ಲಾರಿಗಳು ಹಾರನ್ ಬಾರಿಸಿದವು. ಮೇಸ್ತ್ರಿ ಚಪ್ಪಡಿ ಇಳಿಸಿದ. ಸುತ್ತ ಬಂದ, ಬಗ್ಗಿದ, ಬೆಲ್ಟನ್ನು ಅಂಗುಲ ಅಂಗುಲವಾಗಿ ಮುಟ್ಟಿ ನೋಡಿದ. ಎಲ್ಲ ಸರಿಯಾಗಿತ್ತು. ಕೆಲಸ ಬಿಟ್ಟು ನಿಂತವರ ನಡುವೆ ಹಾದು ಬಾಮೈದನ ಹತ್ತಿರ ಹೋಗಿ ಅವನ ಕಿವಿಯ ಬಳಿ ಬಾಯಿ ತಂದ.

"ಏನು ಕಾಣ್ತೋ?"

"ಏನಿಲ್ಲ ಭಾವ." ಬಾಮೈದನ ಮುಷ್ಟಿ ಇನ್ನೂ ಇಳಿದಿರಲಿಲ್ಲ. "ನಿಲ್ಲುತ್ತಾ ಅಂತ ನೋಡ್ದೆ."

"ಒಳ್ಳೇದಾಯ್ತು" ಎಂದ ಮೇಸ್ತ್ರಿ. "ಯಾವಾಗ ಬೇಕಾದ್ರೂ ನೋಡು."

ತನ್ನ ಜಾಗಕ್ಕೆ ಮರಳಿ ಹೆಬ್ಬೆರಳು ಎತ್ತಲು ಹೋದ. ಆಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಬಾರದ ಅಳು ಅಂಗಳದ ನಟ್ಟನಡುವೆ ಬಂತು. ಅಷ್ಟರಲ್ಲಿ ವೆಲ್ಡರ್ ತನ್ನ ಮುಷ್ಟಿ ಎತ್ತಿ ಗೂಬೆಗೆ ತೋರಿಸಿದ. ಅವನ ಪಕ್ಕದವನೂ ಎತ್ತಿದ. ಮೇಸ್ತ್ರಿ ಮುಖ ಒರೆಸಿಕೊಳ್ಳುವವರೆಗೂ ಕ್ರೇನ್ ಕಾಯಿತು.