ರೇಡಿಯೇಟರಿಗೆ ಹಾಕಿದ ಬೋರ್ ನೀರು

ಕಳೆದ ಭಾನುವಾರ ಮಗಳು ತನ್ನ ಕಾರಿನ ಬಾನೆಟ್ ಎತ್ತಿದಾಗ ರೇಡಿಯೇಟರಿಗೆ ಹಾಕುವ ಕೂಲೆಂಟಿನ ಸಿಹಿ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ... ದೊಡ್ಡಬಳ್ಳಾಪುರದಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಹಿಂದಿನ ರಸ್ತೆಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್. ಶಾಲೆಯ ಎರಡು ವ್ಯಾನುಗಳೂ ನಮ್ಮ ಹಳೆಯ ಕಾರೂ ಅವರ ಕೈಯಲ್ಲೇ ಇದ್ದವು.

ರಿಪೇರಿಗಿಂತ ಅವರ ಉಪದೇಶವೇ ಹೆಚ್ಚು. ಮಕ್ಕಳನ್ನು ಕರೆದುಕೊಂಡು ಹೊರಡುತ್ತೇವೆಂದು ಗೊತ್ತಾದರೆ ಮುಗಿಯಿತು. ಹೊಟ್ಟೆ ತುಂಬ ತಿನ್ನಿಸಿ ಕೂರಿಸಬೇಡಿ, ಕಡಲೆಪುರಿ ಕೊಡಿ. ಗಂಟೆಗೊಮ್ಮೆ ನಿಲ್ಲಿಸಿ ಕಾಲಾಡಲು ಬಿಡಿ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿ. ಸ್ಟೆಪ್ನಿಯ ಗಾಳಿಯನ್ನೂ ನೋಡಿ... ಇದನ್ನು ಕೇಳಿದರೆ ನನ್ನ ಗಂಡನಿಗೆ ಮೈ ಉರಿಯುತ್ತಿತ್ತು. ಮಕ್ಕಳನ್ನು ಸಾಕುವುದನ್ನು ಮೆಕ್ಯಾನಿಕ್ಕಿನಿಂದ ಕಲಿಯಬೇಕೇ ಎನ್ನುವುದು ಅವರ ವಾದ.

"ಒಂದ್ ಮಾತು ಮಾತ್ರ ಮರೀಬೇಡಿ ಟೀಚರಮ್ಮ," ಅಂದಿದ್ದರು ಮೆಕ್ಯಾನಿಕ್ ಒಮ್ಮೆ. "ರೇಡಿಯೇಟರಿಗೆ ಬೋರ್ ನೀರು ಹಾಕ್ಬೇಡಿ. ನಮ್ ಕಡೆ ನೀರು ಸ್ನಾನದ ಹಂಡೆಗೇ ಬಿಳೀ ಪೊರೆ ಕಟ್ತದೆ, ಇದನ್ನ ಬಿಡ್ತದಾ? ಒಳಗೆ ಕಟ್ಕೊಂಡು ಇಂಜಿನ್ ಕಾದ್ಬಿಡ್ತದೆ."

ಮನೆಯಲ್ಲಿ ಹೇಳಿದೆ. "ನೀರಂದ್ರೆ ನೀರು ಕಣೇ. ಅವ್ನಿಗೆ ಕೂಲೆಂಟ್ ವ್ಯಾಪಾರ ಆಗ್ಬೇಕು, ಅದ್ಕೇ ಹಂಗಂತಾನೆ" ಎಂದು ಗಂಡ, ಗಿಡಕ್ಕೆ ಬೋರ್ ನೀರು ಬಿಡುವ ಪೈಪನ್ನೇ ತಂದು ರೇಡಿಯೇಟರಿಗೆ ಇಟ್ಟರು. ಒಂದು ದಿನವಲ್ಲ, ವರ್ಷವಿಡೀ. ನನ್ನ ಕಣ್ಣೆದುರೇ.

ಆ ಬೇಸಿಗೆ ರಜೆಯಲ್ಲಿ ಶಿವಗಂಗೆಗೆ ಹೊರಟೆವು. ದಾಬಸ್‌ಪೇಟೆ ದಾಟುತ್ತಿದ್ದಂತೆ ಬಾನೆಟ್ಟಿನಿಂದ ಹಬೆ ಎದ್ದು ಕಾರು ನಿಂತಿತು. ನೆರಳಿಲ್ಲದ ರಸ್ತೆ. ಮಗಳು ಒಂದೇ ಸಮನೆ ಅಳುತ್ತಿದ್ದಳು. ನಾಲ್ಕು ವರ್ಷದ ಮಗ ಬಿಸಿಲಿಗೆ ವಾಂತಿ ಮಾಡಿ ಮಾಡಿ ನನ್ನ ತೋಳಿನಲ್ಲೇ ಸೋತು ಬಿದ್ದ. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿಸಬೇಕಾಯಿತು.

ಮಗ ಮನೆಗೆ ಬಂದ ಮರುದಿನ ಗಂಡ ಕಾರನ್ನು ಎಳೆಸಿಕೊಂಡು ಹೋಗಿ, ರಿಪೇರಿ ಸರಿಯಿಲ್ಲವೆಂದು ಶೆಡ್ಡಿನ ಮುಂದೆ ಕೂಗಾಡಿದರು. ನಾನೂ ಜೊತೆಗಿದ್ದೆ. ಜನ ಸೇರಿದರು, ನಮ್ಮ ಶಾಲೆಯ ಮ್ಯಾನೇಜರೂ ಬಂದು ನಿಂತರು. "ಮಕ್ಳ ಜೀವದ ಜೊತೆ ಆಟ ಆಡ್ತೀಯೇನಯ್ಯಾ?" ಎಂದರು ಗಂಡ. ಮೆಕ್ಯಾನಿಕ್ ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ, ಅಂಟಿದ ಬಿಳೀ ಪುಡಿಯನ್ನು ನನಗೆ ತೋರಿಸಿದರು.

"ಟೀಚರಮ್ಮ, ನೀವೇ ಹೇಳಿ. ಏನ್ ನೀರು ಹಾಕಿದ್ರಿ?"

ಗಂಡ ನನ್ನನ್ನೇ ದಿಟ್ಟಿಸುತ್ತಿದ್ದರು. ಮನೆಗೆ ಹೋದ ಮೇಲೆ ಆಗುವ ರಂಪ ಕಣ್ಣ ಮುಂದೆ ಬಂತು. "ನಂಗ್ ಗೊತ್ತಿಲ್ಲಣ್ಣ" ಅಂದೆ. ಅವರು ಬೆರಳನ್ನು ಬಟ್ಟೆಗೆ ಒರೆಸಿಕೊಂಡರು.

ಮುಂದಿನ ವಾರವೇ ಶಾಲೆಯ ವ್ಯಾನುಗಳು ಬೇರೆ ಗ್ಯಾರೇಜಿಗೆ ಹೋದವು. ಆಮೇಲೆ ಉಳಿದವರೂ ಬಿಟ್ಟರು. ಶೆಡ್ಡು ಮುಚ್ಚಿ ಅವರು ಹೊಸಕೋಟೆ ಕಡೆ, ಪಿಲ್ಲಗುಂಪೆಯ ಯಾವುದೋ ಕಾರ್ಖಾನೆಯ ಗೇಟು ಕಾಯಲು ಹೋದರಂತೆ. ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ಮನುಷ್ಯ... ಹೋದ ವರ್ಷ ತೀರಿಕೊಂಡರೆಂದು ಕೇಳಿದೆ. ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಭಾನುವಾರ ಮಗಳು ತನ್ನ ಕೂಸಿನೊಂದಿಗೆ ದೂರದ ಪ್ರಯಾಣಕ್ಕೆ ಹೊರಟಿದ್ದಳು. ಕಡಲೆಪುರಿ, ಚೈಲ್ಡ್ ಲಾಕ್, ಸ್ಟೆಪ್ನಿ ಎಂದು ನಾನು ಒಂದೊಂದಾಗಿ ಹೇಳುತ್ತಿದ್ದೆ. "ಇದೆಲ್ಲ ಯಾರಮ್ಮಾ ನಿಂಗೆ ಹೇಳ್ಕೊಟ್ಟಿದ್ದು?" ಎಂದು ನಕ್ಕಳು. ಪೇಪರ್ ಓದುತ್ತಿದ್ದ ಗಂಡ, "ಇನ್ಯಾರು, ನಾನೇ" ಅಂದರು.

"ಅಲ್ಲ" ಅಂದೆ. ಎಲ್ಲವನ್ನೂ ಹೇಳಿಬಿಟ್ಟೆ, ಬೋರ್ ನೀರನ್ನೂ ನನ್ನ ಸುಳ್ಳನ್ನೂ. ಗಂಡ ಪುಟ ತಿರುಗಿಸಿದರು. ಮಗಳು ಬಾನೆಟ್ ಮುಚ್ಚಿ, "ಯಾವ್ ಕಾಲದ್ದೋ, ಬಿಡಮ್ಮ" ಅಂದಳು.

ಅಷ್ಟೇ. ರಂಪವೂ ಇಲ್ಲ, ಏನೂ ಇಲ್ಲ. ಅಷ್ಟು ಹೆದರಿ ನುಂಗಿಕೊಂಡಿದ್ದ ಮಾತನ್ನು ಕೊನೆಗೂ ಆಡಿದ್ದೆ. ಅದು ಬೇಕಾಗಿದ್ದವರು ಮಾತ್ರ ಇರಲಿಲ್ಲ.