ಹಾಲಮ್ಮನ ಸಕ್ಕರೆ ಅಚ್ಚಿಗೆ ಹಚ್ಚಿದ ವ್ಯಾಸಲೀನ್

ಗೌರಿ ಹುಣ್ಣಿಮೆಗೆ ಇನ್ನೇನು ವಾರವಿದೆ ಎನ್ನುವಾಗ ನಮ್ಮ ಓಣಿಯಲ್ಲಿ ಒಂದು ನವಿಲು ಸತ್ತಿತು. ಮರದ ನವಿಲು. ಜೊತೆಗೆ ಒಂದು ಆನೆ, ಒಂದು ಬಸವ. ಕೊಂದವನು ನನ್ನ ಹೆಂಡತಿಯ ತಮ್ಮ ಶೇಖರ. ಅವನನ್ನು ಕರೆಸಿದವನು ನಾನು.

ನಗಬೇಡಿ. ನಗುವ ವಿಷಯವಲ್ಲ.

ಕೊಟ್ಟೂರಿನಲ್ಲಿ ನಮ್ಮ ಮನೆ ದಾಟಿ ಸ್ವಲ್ಪ ಮುಂದೆ ಹೋದರೆ ಹಾಲಮ್ಮನ ಮನೆ. ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹುಣ್ಣಿಮೆ ಬಂತೆಂದರೆ ನಮ್ಮ ಕಡೆ ಸಕ್ಕರೆ ಆರತಿ ಆಗಲೇಬೇಕಲ್ಲ? ಪಾಕವನ್ನು ಮರದ ಅಚ್ಚಿಗೆ ಹೊಯ್ದು ತೆಗೆದ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಬೆಳಗಬೇಕು. ಓಣಿಯಲ್ಲಿ ಅಚ್ಚು ಇದ್ದದ್ದು ಹಾಲಮ್ಮನ ಮನೆಯಲ್ಲಿ ಮಾತ್ರ. ಹೆಂಗಸರೆಲ್ಲ ಸಕ್ಕರೆ ಹಿಡಿದು ಅಲ್ಲಿಗೇ ಹೋಗುತ್ತಿದ್ದರು.

(ವಿಧವೆ ಆರತಿ ತಟ್ಟೆ ಮುಟ್ಟಬಾರದಂತೆ. ತಟ್ಟೆಯಲ್ಲಿರುವ ಗೊಂಬೆ ಮಾತ್ರ ಆಕೆಯ ಕೈಯಿಂದಲೇ ಆಗಬಹುದಂತೆ. ಈ ನ್ಯಾಯ ಯಾರು ಮಾಡಿದರೋ, ನನಗಂತೂ ತಿಳಿಯದು.)

ಹುಣ್ಣಿಮೆಗೆ ಮುಂಚಿನ ನಾಲ್ಕು ದಿನ ಆಕೆಯ ಅಡುಗೆಮನೆ ಗಿಜಿಗಿಜಿ ಎನ್ನುತ್ತಿತ್ತು. "ಏ, ಪಾಕ ಇನ್ನೂ ಬಂದಿಲ್ರಿ, ಅವಸರ ಮಾಡಬ್ಯಾಡ್ರಿ!" ಎಂದು ಆಕೆ ಗದರುವುದು ನಮ್ಮ ಮನೆಗೆ ಕೇಳುತ್ತಿತ್ತು. ವರ್ಷದ ಉಳಿದ ದಿನ ಆ ಮನೆಯಿಂದ ಕೇಳುವುದು ರೇಡಿಯೋ ಒಂದೇ.

ನವಿಲು, ಆನೆ, ಬಸವ, ಮೂರೂ ಅಚ್ಚುಗಳು ಹಳೆಯವು. ಈ ಸಲ ನೋಡಿದರೆ ಬಿರುಕು ಬಿಟ್ಟಿದ್ದವು. ಶೇಖರ ಬೊಂಬಾಯಿಯ ಆಟಿಕೆ ಕಾರ್ಖಾನೆಯಲ್ಲಿದ್ದಾನೆ. ಅಚ್ಚಿನೊಳಗೆ ಸಿಲಿಕೋನ್ ರಬ್ಬರ್ ಸುರಿದು ತೆಗೆದರೆ ರಬ್ಬರಿನ ನವಿಲು ಸಿಗುತ್ತದೆ, ಆಮೇಲೆ ಅದರಿಂದ ಬೇಕಾದಷ್ಟು ಹೊಸ ಅಚ್ಚು ಮಾಡಬಹುದು ಎಂದು ಫೋನಿನಲ್ಲಿ ಹೇಳಿದ. ನಾನು ಕುಣಿದಾಡಿದೆ. ಓಣಿಯ ಮನೆಮನೆಗೂ ಒಂದೊಂದು ಸೆಟ್! ದೀಪಾವಳಿಗೆ ಬರುವಾಗ ಅವನು ರಬ್ಬರಿನ ಡಬ್ಬಿ ಹೊತ್ತು ತಂದ.

"ಎಲ್ಲಾ ಸಲೀಸು ಐತಿ ಭಾವ, ರಿಲೀಸ್ ಏಜೆಂಟ್ ಒಂದು ಸರಿಯಾಗಿ ಆರಿಸಬೇಕು" ಎಂದ. ಹಾಗೆಂದರೆ? ಅಚ್ಚಿಗೂ ರಬ್ಬರಿಗೂ ನಡುವೆ ಹಚ್ಚುವ ಪದಾರ್ಥ. ಒಂದಕ್ಕೊಂದು ಅಂಟದ ಹಾಗೆ ತಡೆಯುವಂಥದ್ದು. ಹಾಲಮ್ಮನ ಪದ್ಧತಿಯಲ್ಲಿ ಅದು ಬರೀ ನೀರು. ಅಚ್ಚನ್ನು ನೆನೆಹಾಕಿದರೆ ಸಾಕು, ಸಕ್ಕರೆ ಅಂಟುವುದಿಲ್ಲ. ರಬ್ಬರಿಗೆ ಅದು ನಡೆಯುವುದಿಲ್ಲವಂತೆ.

"ಕಟ್ಟಿಗಿ ಪೂರ್ತಿ ಒಣಗಿರಬೇಕು. ಹಂಗಂತ ಬರೇ ಕಟ್ಟಿಗಿ ಮ್ಯಾಲೆ ಸುರಿದ್ರ ಬಿರುಕಿನ್ಯಾಗ ಇಳಿದು ಕಚ್ಕಂತೈತಿ" ಎಂದ ಶೇಖರ.

ಓಣಿಗೆ ಓಣಿಯೇ ಎಕ್ಸ್‌ಪರ್ಟ್ ಆಯಿತು. ಎದುರುಮನೆಯವರು ಶೇಂಗಾ ಎಣ್ಣೆ ಎಂದರು. ಸೈಕಲ್ ಶಾಪಿನವನು ಗ್ರೀಸ್ ಎಂದ. ನಾನೂ ಬಿಡಲಿಲ್ಲ, ಸೋಪಿನ ನೀರು ಎಂದೆ. ಎಣ್ಣೆಯನ್ನು ಮರ ಕುಡಿದುಬಿಡುತ್ತದೆ, ಗ್ರೀಸು ಗರಿಯ ಗೆರೆಗಳನ್ನೇ ಮುಚ್ಚುತ್ತದೆ, ಸೋಪು ನೀರು ಬಿರುಕಿಗೆ ಸಾಲದು ಎಂದು ಶೇಖರ ಎಲ್ಲವನ್ನೂ ತಳ್ಳಿಹಾಕಿದ. ಮೇಣದ ಪಾಲಿಶ್ ಆಗಬಹುದಿತ್ತು, ಇಡೀ ಬಜಾರಿನಲ್ಲಿ ಸಿಗಲಿಲ್ಲ. ಕೊನೆಗೆ ವ್ಯಾಸಲೀನ್. ಬಿಸಿಮಾಡಿ ಬ್ರಶ್ಶಿನಿಂದ ಸಂದುಗೊಂದಿಗೆಲ್ಲ ಹಚ್ಚಿದ. ರಾತ್ರಿಯೆಲ್ಲ ಮರ ಹೀರಿಕೊಳ್ಳಲಿ ಎಂದು ಹಾಲಮ್ಮನ ಮನೆಯಲ್ಲೇ ಬಿಟ್ಟುಬಂದೆವು.

ಹಚ್ಚುವಾಗ ಹಾಲಮ್ಮ ನೋಡುತ್ತಲೇ ಇದ್ದಳು. "ಇದು ಎಣ್ಣಿ ಅಲ್ಲೇನಪ್ಪ?" ಎಂದು ಕೇಳಿದಳು.

"ಎಣ್ಣಿ ಅಲ್ಲಬೇ, ಔಷಧ ಇದ್ದಂಗ" ಎಂದ ಶೇಖರ. ಅಷ್ಟಕ್ಕೇ ಮಾತು ಮುಗಿಯಿತು.

ಮರುದಿನ ಮಧ್ಯಾಹ್ನ ಮೂರೂ ಅಚ್ಚಿಗೆ ರಬ್ಬರ್ ಸುರಿದ. ಅಚ್ಚಿನ ಮೇಲೆ ಹೊಳಪಿರಲಿಲ್ಲ, ಚೆನ್ನಾಗಿ ಹೀರಿಕೊಂಡಿದೆ ಎಂದುಕೊಂಡ. ಅದರ ಮರುದಿನ ಎಳೆದಾಗ ಬರಲಿಲ್ಲ. ಚಾಕು ಹಾಕಿ ಮೀಟಿದ. ಕೊನೆಗೆ ಚರ್ರೆಂದು ಬಂತು, ನವಿಲಿನ ಗರಿಗಳ ಸಮೇತ. ಬಸವನ ಕೊಂಬು, ಆನೆಯ ಸೊಂಡಿಲು ಸೀಳುಸೀಳಾಗಿ ರಬ್ಬರಿಗೆ ಅಂಟಿಕೊಂಡಿದ್ದವು.

"ಹಚ್ಚಿದ್ದ ವ್ಯಾಸಲೀನ್ ಎಲ್ಲಿ ಹೋತು?" ಎಂದು ಶೇಖರ ಕೂಗಿದ.

"ತೊಳದೆನಪ್ಪ" ಎಂದಳು ಹಾಲಮ್ಮ. "ನಿನ್ನೆ ಮುಂಜಾನಿ ಬಿಸಿನೀರು, ಸೀಗಿಪುಡಿ ಹಾಕಿ ತಿಕ್ಕಿ ತೊಳದು ಬಿಸಿಲಿಗಿಟ್ಟಿದ್ದೆ. ಒಣಗಿರಬೇಕು ಅಂದಿದ್ದಿಯಲ್ಲ ನೀನು? ಗೌರಿ ಅಚ್ಚಿಗೆ ಜಿಡ್ಡು ಮೆತ್ತಿ ಅದರಾಗ ಸಕ್ಕರಿ ಹೆಂಗ ಹಾಕ್ಲಿ?"

ಜಿಡ್ಡು ತಾಗಿದರೆ ಗೊಂಬೆ ಮಬ್ಬಾಗುತ್ತದೆ, ಕಮಟು ವಾಸನೆ ಹೊಡೆಯುತ್ತದೆ. ಸೊಸೆಯಾಗಿ ಬಂದಾಗ ಅತ್ತೆ ಕಲಿಸಿದ ಮೊದಲ ಪಾಠವಂತೆ ಅದು. ಯಾರನ್ನು ಬೈಯುವುದು? ಅದನ್ನು ಯಾಕೆ ಹಚ್ಚಿದೆವೆಂದು ಆಕೆಗೆ ನಾವು ಬಿಡಿಸಿ ಹೇಳಲಿಲ್ಲ. ಆಕೆಯ ಅಚ್ಚಿಗೆ ಏನನ್ನು ಹಚ್ಚಬಾರದು ಎಂದು ಕೇಳಲೂ ಇಲ್ಲ.

"ಹೋಗ್ಲಿ ಬಿಡ್ರಿ ಹಾಲಮ್ಮಾರ. ದಾವಣಗೆರೆಯಿಂದ ಹೊಸಾವು ತಂದ್ಕೊಡ್ತೀನಿ. ಈಗ ಬಜಾರದಾಗ ರೆಡಿಮೇಡ್ ಗೊಂಬಿನೂ ಸಿಗ್ತಾವ" ಎಂದೆ.

ಆಕೆ ನೆಲದ ಮೇಲಿನ ಚೂರುಗಳನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. "ಸಿಗ್ತಾವ. ಎಲ್ಲಾರಿಗೂ ಸಿಗ್ತಾವ. ಹಂಗಾದ್ರ ನನ್ ಮನಿಗೆ ಯಾರು ಬರ್ತಾರ?"

ಮನೆಮನೆಗೂ ಒಂದೊಂದು ಸೆಟ್ ಎಂದು ಕುಣಿದವನು ನಾನೇ ಅಲ್ಲವೇ? ರಬ್ಬರ್ ಸರಿಯಾಗಿ ಬಿಟ್ಟುಬಂದಿದ್ದರೂ ಈ ಮುದುಕಿಗೆ ಆಗುತ್ತಿದ್ದದ್ದು ಇದೇ.

ಹುಣ್ಣಿಮೆಗೆ ನನ್ನ ಹೆಂಡತಿ ಬಜಾರಿನಿಂದ ಗೊಂಬೆ ತಂದಳು. ಹಾಲಮ್ಮನ ಮನೆಗೆ ಒಮ್ಮೆ ಹೋಗಿ ಬಾ ಎಂದೆ. "ಹೋಗಿ ಏನಂತ ಮಾತಾಡ್ಲಿ? ನಮ್ಮನ್ನ ನೋಡಿದ್ರ ಆಕಿಗೆ ಮತ್ತ ಸಂಕಟ ಆಗ್ತೈತಿ" ಎಂದಳು. ಇಡೀ ಓಣಿಯೇ ಹೀಗೆ ಆಕೆಯ ಸಂಕಟವನ್ನು ನೆನೆದು ಸುಮ್ಮನಾಯಿತು. ಎಷ್ಟು ಒಳ್ಳೆಯವರು ನಾವು! ನಾನೂ ಹೋಗಲಿಲ್ಲ.

ಸಂಜೆ ಹೊಸ ಸೀರೆ, ಹೊಸ ಲಂಗಗಳು ಆರತಿ ತಟ್ಟೆ ಹಿಡಿದು ಹೊರಟವು. ಹಾಲಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ತಟ್ಟೆಗಳು ಹತ್ತಿರ ಬರುತ್ತಿದ್ದಂತೆ, ಎದುರಾಗಬಾರದೆಂದು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಎಲ್ಲರೂ ದಾಟಿ ಹೋದರು. ಯಾರೂ ಆ ಬಾಗಿಲು ತಟ್ಟಲಿಲ್ಲ.

ನಿಮ್ಮ ಓಣಿಯಲ್ಲೂ ಒಬ್ಬಳು ಹಾಲಮ್ಮ ಇದ್ದಾಳು. ಏನೂ ಕೆಲಸವಿಲ್ಲದೆ, ಸುಮ್ಮನೆ, ಆಕೆಯ ಹೊಸ್ತಿಲು ನೀವು ದಾಟಿದ್ದು ಯಾವಾಗ?